ಬಾವುಟಗುಡ್ಡೆ ಏರುವ ಮೊದಲು: ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯ ದಿನ ಹೇಗಿರುತ್ತದೆ?

ಮೇ ತಿಂಗಳ ಕೊನೆಗೆ ನಮ್ಮ ಪಕ್ಕದ ಮನೆಯ ಅಕ್ಕ ಗೇಟಿನ ಹತ್ತಿರ ನಿಂತು ನನ್ನನ್ನು ಕರೆದರು. ಮಗಳಿಗೆ ಮಂಗಳೂರಿನ ಬಾವುಟಗುಡ್ಡೆಯ ಮೇಲಿರುವ ಸಂತ ಅಲೋಶಿಯಸ್‌ನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತ್ತು. ಮುಖದಲ್ಲಿ ಖುಷಿ ಇತ್ತು, ಒಂದು ಅಳುಕೂ ಇತ್ತು.

"ನೀವು ಅಂಥ ಕಾಲೇಜಲ್ಲೇ ಓದಿದ್ದಲ್ವಾ? ಅಲ್ಲಿ ದಿನಾ ಚರ್ಚಿಗೆ ಹೋಗ್ಲಿಕ್ಕೆ ಉಂಟಾ?"

ಇಲ್ಲ ಅಂದೆ. ಅವರ ಎರಡನೇ ಪ್ರಶ್ನೆಯೂ ತಯಾರಿತ್ತು. "ಮತ್ತೆ ಓದೋದು ಬಿಟ್ಟು ಆಕ್ಟಿವಿಟಿ ಆಕ್ಟಿವಿಟಿ ಅಂತ ಜಾಸ್ತಿ ಓಡಾಡಿಸ್ತಾರಂತೆ. ಹೌದಾ?"

ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರಲಿಲ್ಲ. ಆ ದಿನ ಗೇಟಿನ ಹತ್ತಿರ ಹೇಳಲಾಗದ್ದನ್ನು ಇಲ್ಲಿ ನಿಧಾನವಾಗಿ ಹೇಳುತ್ತಿದ್ದೇನೆ. ಪ್ರತಿ ಜೂನ್‌ನಲ್ಲಿ ಕಾರ್ಕಳ, ಬೆಳ್ತಂಗಡಿ, ಕುಂದಾಪುರ ಕಡೆಯ ಎಷ್ಟೋ ಮನೆಗಳಲ್ಲಿ ಇವೇ ಎರಡು ಪ್ರಶ್ನೆ ಏಳುತ್ತವೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಅಲೋಶಿಯಸ್ ಕಾಲೇಜೋ, ವಿಶ್ವವಿದ್ಯಾಲಯವೋ? 1878ರ ಡಿಸೆಂಬರ್ 31ರಂದು ಇಟಲಿಯ ಜೆಸ್ವಿಟ್ (ಯೇಸುಸಭೆ ಎಂಬ ಕ್ಯಾಥೊಲಿಕ್ ಸಂಘದ) ಪಾದ್ರಿಗಳ ಒಂದು ತಂಡ ಮಂಗಳೂರಿಗೆ ಬಂದು ಇಳಿಯಿತು. 1880ರಲ್ಲಿ ಅವರು ಕಾಲೇಜು ಶುರು ಮಾಡಿದರು. ಕಂಕನಾಡಿಯಲ್ಲಿ ಆಸ್ಪತ್ರೆ ಕಟ್ಟಿದ ಫಾದರ್ ಮುಲ್ಲರ್ ಕೂಡ ಅದೇ ತಂಡದವರು. ಅವರು ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದ್ದೂ 1880ರಲ್ಲೇ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಕಾಲೇಜು ಸೇರಿದ್ದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ. ರಾಜ್ಯ ಪುನರ್ವಿಂಗಡಣೆಯ ನಂತರ ಮೈಸೂರು, 1980ರಲ್ಲಿ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಬಂದ ಮೇಲೆ ಅದು. ಅಜ್ಜ, ಅಪ್ಪ, ಮಗ ಮೂವರೂ ಒಂದೇ ಕಟ್ಟಡದಲ್ಲಿ ಓದಿ ಮೂರು ಬೇರೆ ಬೇರೆ ವಿಶ್ವವಿದ್ಯಾಲಯದ ಸರ್ಟಿಫಿಕೇಟ್ ಇಟ್ಟುಕೊಂಡಿರಬಹುದು. 2007ರಲ್ಲಿ ಅದು ಸ್ವಾಯತ್ತ ಕಾಲೇಜಾಯಿತು. 2024ರ ಆರಂಭದಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು.

ಈ ಮೂರು ಹಂತದ ವ್ಯತ್ಯಾಸ ಸರಳ. ಮಾಮೂಲಿ ಕಾಲೇಜು ಪಾಠ ಮಾತ್ರ ಮಾಡುತ್ತದೆ. ಸಿಲೆಬಸ್, ಪರೀಕ್ಷೆ, ಪದವಿ ಎಲ್ಲ ವಿಶ್ವವಿದ್ಯಾಲಯದ್ದು. ಸ್ವಾಯತ್ತ ಕಾಲೇಜು ಸಿಲೆಬಸ್ಸನ್ನೂ ಪರೀಕ್ಷೆಯನ್ನೂ ತಾನೇ ನೋಡಿಕೊಳ್ಳುತ್ತದೆ, ಪದವಿ ಪತ್ರದ ಮೇಲೆ ಮಾತ್ರ ವಿಶ್ವವಿದ್ಯಾಲಯದ ಹೆಸರು ಇರುತ್ತದೆ. ಡೀಮ್ಡ್ ಆದರೆ ಪದವಿಯನ್ನೂ ತಾನೇ ಕೊಡುತ್ತದೆ. ಇದಕ್ಕೆ 1956ರ ಯುಜಿಸಿ ಕಾಯ್ದೆಯ 3ನೇ ಸೆಕ್ಷನ್ ದಾರಿ ಮಾಡಿಕೊಟ್ಟಿದೆ. ಓದುವ ಮಕ್ಕಳಿಗೆ ಇದರಿಂದ ಆಗುವ ಬದಲಾವಣೆ ಏನೆಂದರೆ, ಹೊಸ ಕೋರ್ಸು ತರುವುದು, ತರಗತಿಯ ಹೊರಗಿನ ಕೆಲಸಕ್ಕೆ ಅಂಕ ಕೊಡುವುದು ಇಂಥದ್ದನ್ನೆಲ್ಲ ಕ್ಯಾಂಪಸ್ಸಿನಲ್ಲೇ ಕೂತು ತೀರ್ಮಾನಿಸಬಹುದು.

ಕರಾವಳಿಯ ಕ್ರೈಸ್ತ ವಿದ್ಯಾಸಂಸ್ಥೆಗಳೆಲ್ಲ ಒಂದೇ ಬಗೆಯವಲ್ಲ, ಇದನ್ನೂ ಹೇಳಿಬಿಡಬೇಕು. ಸಂತ ಆಗ್ನೆಸ್ 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಶುರು ಮಾಡಿದ ಕಾಲೇಜು. ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಉಡುಪಿ ಕಡೆಯವರಿಗೆ ಕಲ್ಯಾಣಪುರದ ಮಿಲಾಗ್ರಿಸ್ ಗೊತ್ತೇ ಇದೆ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಪೂರ್ತಿ ಬೇರೆ. ಅದು ಪ್ರಾಟೆಸ್ಟೆಂಟ್ ಪರಂಪರೆಯದು, ಅಲ್ಲಿ ಕಲಿಸುವುದೇ ದೇವಶಾಸ್ತ್ರ. ಅದರ ಹಿಂದೆ ಇರುವುದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ, ಕಿಟೆಲ್ ನಿಘಂಟು 1894ರಲ್ಲಿ ಹೊರಬಂದದ್ದು ಆ ಮಿಶನ್‌ನವರಿಂದಲೇ. ದೇವಶಾಸ್ತ್ರ ಕಲಿಯಲು ಹೋಗುವವರಿಗೆ ಪ್ರಾರ್ಥನೆ ಪಾಠದ ಭಾಗ. ಬಿ.ಎಸ್ಸಿ., ಬಿ.ಕಾಂ. ಓದುವವರಿಗೆ ಹಾಗಲ್ಲ.

ಈಗ ಅಕ್ಕನ ಮೊದಲ ಪ್ರಶ್ನೆಗೆ ಬರೋಣ. ಸಂವಿಧಾನದ 30ನೇ ವಿಧಿ ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ಕಾಲೇಜು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಈ ಹಕ್ಕಿನ ಅಗಲ ಎಷ್ಟು ಅಂತ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಒಂದು ದೊಡ್ಡ ತೀರ್ಪು ಕೊಟ್ಟಿತು. ದೇಶದಾದ್ಯಂತ ವಕೀಲರು ಇವತ್ತಿಗೂ ಹೆಸರು ಹಿಡಿದು ಹೇಳುವ ಆ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ ಹುಟ್ಟಿದ್ದು ನಮ್ಮ ಮಣಿಪಾಲದಿಂದ. ಅಲ್ಲಿ ಮುಂದಿಟ್ಟದ್ದು ಧರ್ಮದ ವಾದವಲ್ಲ, ಕೊಂಕಣಿ ಭಾಷೆಯ ವಾದ.

ನಡೆಸುವವರಿಗೆ ಹಕ್ಕು ಇರುವ ಹಾಗೆ ಓದುವವರಿಗೂ ರಕ್ಷಣೆ ಇದೆ. 28ನೇ ವಿಧಿಯ ಮೂರನೇ ಭಾಗ ನೋಡಿ. ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಯಾವ ವಿದ್ಯಾಸಂಸ್ಥೆಯಲ್ಲೂ ಒಬ್ಬ ವಿದ್ಯಾರ್ಥಿಯನ್ನು ಅವನ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂರಿಸುವಂತಿಲ್ಲ. 18 ತುಂಬದಿದ್ದರೆ ಮನೆಯವರ ಒಪ್ಪಿಗೆ ಬೇಕು. ಪಿಯುಸಿ ಹುಡುಗನ ವಿಷಯದಲ್ಲಿ ಅಪ್ಪ ಅಮ್ಮನನ್ನು ಕೇಳಬೇಕು, ಡಿಗ್ರಿ ಹುಡುಗಿಯ ವಿಷಯದಲ್ಲಿ ಅವಳನ್ನೇ ಕೇಳಬೇಕು.

ದಿನನಿತ್ಯದಲ್ಲಿ ಇದು ಹೇಗೆ ಕಾಣುತ್ತದೆ? ಕ್ಯಾಥೊಲಿಕ್ ಮಕ್ಕಳಿಗೆ ಪೂಜೆ ಇರುತ್ತದೆ, ವರ್ಷಕ್ಕೊಮ್ಮೆ ಧ್ಯಾನಕೂಟ ಇರುತ್ತದೆ. ಅವರಿಗೆ ಧರ್ಮಶಿಕ್ಷಣದ ತರಗತಿ ಇರುವ ಹೊತ್ತಿಗೆ ಉಳಿದವರಿಗೆ ಮೌಲ್ಯಶಿಕ್ಷಣದ ತರಗತಿ ಇಡುವ ಪದ್ಧತಿ ತುಂಬ ಕಡೆ ಇದೆ. ಸಮಾರಂಭದ ಆರಂಭದಲ್ಲಿ ಒಂದು ಪ್ರಾರ್ಥನಾಗೀತೆ ಇರುತ್ತದೆ, ಎಲ್ಲರೂ ಎದ್ದು ನಿಲ್ಲುತ್ತಾರೆ. ನಾನೂ ನಿಲ್ಲುತ್ತಿದ್ದೆ. ನನ್ನ ಒಂದು ಬದಿಗೆ ಉಳ್ಳಾಲದ ಬ್ಯಾರಿ ಮುಸ್ಲಿಂ ಹುಡುಗಿ, ಇನ್ನೊಂದು ಬದಿಗೆ ಬಜ್ಪೆಯ ಕೊಂಕಣಿ ಹುಡುಗಿ. ಮೂವರೂ ತುಳುವಿನಲ್ಲಿ ಪಿಸುಗುಟ್ಟಿ ಸಿಸ್ಟರ್ ಹತ್ತಿರ ಬೈಸಿಕೊಂಡದ್ದು ನೆನಪಿದೆ. ಯಾರೂ ನನ್ನ ದೇವರ ಬಗ್ಗೆ ಕೇಳಲಿಲ್ಲ. ನನ್ನ ಶನಿವಾರಗಳ ಬಗ್ಗೆ ಮಾತ್ರ ಬಹಳ ಕೇಳಿದರು.

ಇಲ್ಲಿಂದ ಎರಡನೇ ಪ್ರಶ್ನೆ ಶುರುವಾಗುತ್ತದೆ. ಈ ಸಂಸ್ಥೆಗಳ ಕ್ರೈಸ್ತತನ ನಿಜವಾಗಿ ಕಾಣಬೇಕಾದರೆ ಪ್ರಾರ್ಥನಾ ಮಂದಿರಕ್ಕಿಂತ ಟೈಮ್‌ಟೇಬಲ್ ನೋಡಬೇಕು ಎನ್ನುವುದು ನನ್ನ ಅನಿಸಿಕೆ. ವಿದ್ಯಾರ್ಥಿಯ ಹತ್ತಿರ ಅವು ಕೇಳುವುದು ಸಮಯವನ್ನು, ಅದೂ ಬೇರೆಯವರಿಗಾಗಿ ಕೊಡುವ ಸಮಯವನ್ನು.

ಇದರ ಬೇರು ಹಳೆಯದು. ಕಾಲೇಜಿನ ಹೆಸರಿನಲ್ಲಿರುವ ಸಂತ ಅಲೋಶಿಯಸ್ ಗೊನ್ಜಾಗ ಇಟಲಿಯ ದೊಡ್ಡ ಮನೆತನದ ಹಿರಿಯ ಮಗ. ಆಸ್ತಿಯ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಸಂಘ ಸೇರಿದ. ರೋಮಿನಲ್ಲಿ ಓದುತ್ತಿದ್ದಾಗ ಊರಿಗೆ ಪ್ಲೇಗ್ ಬಂತು. ರೋಗಿಗಳ ಸೇವೆಗೆ ಹೋಗಿ, ತನಗೂ ತಗುಲಿ 1591ರ ಜೂನ್ 21ರಂದು ತೀರಿಕೊಂಡ. ಆಗ ಅವನಿಗೆ 23 ವರ್ಷ. ಅಂದರೆ ಇವತ್ತಿನ ಎಂ.ಎಸ್ಸಿ. ವಿದ್ಯಾರ್ಥಿಯ ಪ್ರಾಯ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು, ಹಂಪನಕಟ್ಟೆ ದಾಟಿ, ಬಾವುಟಗುಡ್ಡೆ ಏರಿದರೆ ಅವನ ಹೆಸರಿನ ಚಾಪೆಲ್ (ಪ್ರಾರ್ಥನಾ ಮಂದಿರ) ಸಿಗುತ್ತದೆ. ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರ 1899ರಿಂದ 1901ರವರೆಗೆ ಅದರ ಗೋಡೆ, ಮಾಡುಗಳನ್ನೆಲ್ಲ ಚಿತ್ರದಿಂದ ತುಂಬಿದ. ಗೋಡೆಯ ಮೇಲಿನದು ಫ್ರೆಸ್ಕೊ. ಸುಣ್ಣದ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು, ಒಣಗಿದ ಮೇಲೆ ತಿದ್ದಲು ಆಗುವುದಿಲ್ಲ. ಅಷ್ಟಷ್ಟೇ ಗಾರೆ ಮೆತ್ತಿ, ಅಷ್ಟಷ್ಟೇ ಬರೆಯುತ್ತ ಹೋಗಬೇಕು. ತಲೆ ಎತ್ತಿ ನೋಡಿದರೆ ಮಾಡಿನ ನಡುವೆ ಅಲೋಶಿಯಸ್‌ನ ಬದುಕಿನ ಚಿತ್ರಗಳಿವೆ. ಪ್ಲೇಗ್ ರೋಗಿಗಳ ನಡುವೆ ಅವನು ಇರುವ ಚಿತ್ರವೂ ಇದೆ. ಕತ್ತು ನೋಯುವವರೆಗೆ ನೋಡಿದ್ದೇನೆ.

1973ರಲ್ಲಿ ಆಗಿನ ಜೆಸ್ವಿಟ್ ಮುಖ್ಯಸ್ಥ ಪೆದ್ರೊ ಅರುಪೆ ಸ್ಪೇನಿನ ವೆಲೆನ್ಸಿಯಾದಲ್ಲಿ ಹಳೆ ವಿದ್ಯಾರ್ಥಿಗಳ ಎದುರು ಮಾತಾಡಿದರು. ಬೇರೆಯವರಿಗಾಗಿ ಬದುಕುವ ಜನರನ್ನು ತಯಾರು ಮಾಡುವುದೇ ನಮ್ಮ ಶಿಕ್ಷಣದ ಗುರಿ ಆಗಬೇಕು ಅಂದರು. ಅಷ್ಟೇ ಅಲ್ಲ, ನ್ಯಾಯಕ್ಕಾಗಿ ನಿಲ್ಲುವುದನ್ನು ನಾವು ನಿಮಗೆ ಕಲಿಸಿದ್ದೇವಾ ಎಂದು ತಾವೇ ಕೇಳಿ, ಇಲ್ಲ ಎಂದು ತಾವೇ ಒಪ್ಪಿಕೊಂಡರು. ತಮ್ಮಲ್ಲೇ ಓದಿದವರ ಎದುರು ಹಾಗೆ ಒಪ್ಪಿಕೊಳ್ಳಲು ಧೈರ್ಯ ಬೇಕು. ಜೆಸ್ವಿಟ್ ಕ್ಯಾಂಪಸ್ಸುಗಳಲ್ಲಿ ಹಳ್ಳಿಗೆ ಹೋಗುವ, ಕೊಳೆಗೇರಿಗೆ ಹೋಗುವ ಕಾರ್ಯಕ್ರಮಗಳು ಇಷ್ಟೊಂದು ಏಕಿವೆ ಅಂತ ಕೇಳಿದರೆ ಆ ಭಾಷಣವನ್ನು ನೆನಪಿಸಿಕೊಳ್ಳಬೇಕು.

ಹಾಗಾದರೆ ಲೆಕ್ಕದಲ್ಲಿ ಎಷ್ಟು ಸಮಯ? ಈಗ ಎಲ್ಲವೂ ಕ್ರೆಡಿಟ್ ಲೆಕ್ಕ. ಒಂದು ಸೆಮಿಸ್ಟರ್‌ನಲ್ಲಿ 15 ಗಂಟೆ ಪಾಠ ಕೇಳಿದರೆ 1 ಕ್ರೆಡಿಟ್. ಪ್ರಾಕ್ಟಿಕಲ್, ಸಮುದಾಯದ ಕೆಲಸ ಇಂಥವಕ್ಕೆ 30 ಗಂಟೆಗೆ 1 ಕ್ರೆಡಿಟ್. ಅಂದರೆ 15 ವಾರದ ಸೆಮಿಸ್ಟರ್‌ನಲ್ಲಿ 1 ಕ್ರೆಡಿಟ್ಟಿನ ಚಟುವಟಿಕೆಗೆ ವಾರಕ್ಕೆ 2 ಗಂಟೆ. ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಿದರೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240, ಜೊತೆಗೆ 7 ದಿನದ ವಿಶೇಷ ಶಿಬಿರ. ವಾರಕ್ಕೆ ಹಂಚಿದರೆ ಸುಮಾರು 4 ಗಂಟೆ. ಮೂಡುಬಿದಿರೆಯಿಂದ ದಿನಾ ಬಸ್ಸಲ್ಲಿ ಓಡಾಡುವ ಮಕ್ಕಳು ಬಸ್ಸಲ್ಲೇ ಅದಕ್ಕಿಂತ ಜಾಸ್ತಿ ಹೊತ್ತು ಕಳೆಯುತ್ತಾರೆ.

ಎನ್ನೆಸ್ಸೆಸ್ ಚರ್ಚಿನದಲ್ಲ, ಕೇಂದ್ರ ಸರ್ಕಾರದ್ದು. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ 1969ರಲ್ಲಿ ಶುರುವಾದದ್ದು. ಅದರ ಧ್ಯೇಯವಾಕ್ಯ "ನನಗಲ್ಲ, ನಿನಗೆ". ಅರುಪೆ ಹೇಳಿದ್ದೂ ಇದನ್ನೇ ಅಲ್ವಾ? ಹಾಗಾಗಿ ಕ್ರೈಸ್ತ ಕಾಲೇಜುಗಳಲ್ಲಿ ಎನ್ನೆಸ್ಸೆಸ್‌ಗೆ ಒಂದು ವಿಶೇಷ ಜಾಗ ಇರುತ್ತದೆ. ಇನ್ನೊಂದು ಐಕಫ್. ಪೂರ್ತಿ ಹೆಸರು ಆಲ್ ಇಂಡಿಯಾ ಕ್ಯಾಥೊಲಿಕ್ ಯೂನಿವರ್ಸಿಟಿ ಫೆಡರೇಶನ್, 1924ರಿಂದ ಇರುವ ವಿದ್ಯಾರ್ಥಿ ಸಂಘಟನೆ. ಇದಲ್ಲದೆ ಎನ್‌ಸಿಸಿ, ರೆಡ್ ಕ್ರಾಸ್, ಕನ್ನಡ ಸಂಘ, ಕೊಂಕಣಿ ಸಂಘ, ಒಂದೊಂದು ವಿಭಾಗಕ್ಕೆ ಒಂದೊಂದು ಸಂಘ. ಪಟ್ಟಿ ಉದ್ದ ಇದೆ, ನಾನು ಬೆಳೆಸುವುದಿಲ್ಲ. ಒಂದನ್ನು ಮಾತ್ರ ಹತ್ತಿರದಿಂದ ತೋರಿಸುತ್ತೇನೆ.

ನಮ್ಮ ಎನ್ನೆಸ್ಸೆಸ್ ಶಿಬಿರ ನಡೆದದ್ದು ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ, ಡಿಸೆಂಬರ್‌ನಲ್ಲಿ. ಹುಡುಗಿಯರು ಐದನೇ ತರಗತಿಯ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದೆವು. ಬೆಳಗ್ಗೆ ಗಂಜಿ, ಚಟ್ನಿ. ಆಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಟ್ಟ ಕಟ್ಟುವ ಕೆಲಸ. ಕಟ್ಟ ಅಂದರೆ ಮಳೆ ನಿಂತ ಮೇಲೆ ತೋಡಿನ ನೀರು ಸಮುದ್ರಕ್ಕೆ ಓಡದ ಹಾಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಕಪ್ಪಾ ಅನ್ನುವಷ್ಟು ಮಳೆ, ಮಾರ್ಚ್‌ಗೆ ಬಾವಿಯಲ್ಲಿ ಕೊಡ ಮುಳುಗುವುದಿಲ್ಲ. ಕಟ್ಟ ಹಾಕಿದರೆ ನಿಂತ ನೀರು ನಿಧಾನ ಇಂಗಿ ಸುತ್ತಲಿನ ಬಾವಿಗಳು ಇನ್ನಷ್ಟು ವಾರ ಬತ್ತದೆ ಉಳಿಯುತ್ತವೆ.

ಸಿಮೆಂಟಿನ ಖಾಲಿ ಗೋಣಿ ಬೇಕು, ಹಾರೆ ಬೇಕು, ಬುಟ್ಟಿ ಬೇಕು. ಇಬ್ಬರು ಗೋಣಿಯ ಬಾಯಿ ಹಿಡಿಯಬೇಕು, ಒಬ್ಬರು ಮರಳು ತುಂಬಬೇಕು. ಪೂರ್ತಿ ತುಂಬಬಾರದು. ಮುಕ್ಕಾಲು ತುಂಬಿ ಕಟ್ಟಿದರೆ ಗೋಣಿ ಚಪ್ಪಟೆಯಾಗಿ ಒಂದರ ಮೇಲೊಂದು ಕೂರುತ್ತದೆ. ಬಾಯಿತನಕ ತುಂಬಿದರೆ ಉರುಳುತ್ತದೆ. ಇದನ್ನು ನಮಗೆ ಕಲಿಸಿದ್ದು ಆ ಊರಿನ ಒಬ್ಬರು ಅಜ್ಜ. ನಾವು ಮೊದಲ ದಿನ ಬಾಯಿತನಕ ತುಂಬಿದ ನಲವತ್ತು ಗೋಣಿಯನ್ನು ಬಿಚ್ಚಿಸಿ ಮತ್ತೆ ತುಂಬಿಸಿದರು. ಎರಡು ಸಾಲು ಗೋಣಿ, ನಡುವೆ ಮಣ್ಣು, ಅದನ್ನು ಕಾಲಲ್ಲಿ ತುಳಿದು ಗಟ್ಟಿ ಮಾಡುವುದು. ಮೂರನೇ ದಿನ ಮಧ್ಯಾಹ್ನ ನೀರು ಏರಲು ಶುರುವಾಯಿತು. ಮೊದಲು ಪಾದ, ಆಮೇಲೆ ಮೊಣಕಾಲು. ಕೆಮಿಸ್ಟ್ರಿ ಲೆಕ್ಚರರ್ ಪ್ಯಾಂಟು ಮಡಚಿಕೊಂಡು ನಮ್ಮ ಜೊತೆ ನೀರಲ್ಲೇ ನಿಂತಿದ್ದರು. ಆ ಸಲ ನನ್ನ ಕೈಯಲ್ಲಿ ಎದ್ದ ಬೊಬ್ಬೆ ಮಾಯಲು ಎರಡು ವಾರ ಬೇಕಾಯಿತು. ಜಿಯಾಲಜಿಯ ಪಾಠದಲ್ಲಿ ಅಂತರ್ಜಲದ ಚಿತ್ರ ಬಂದಾಗ ನನಗೆ ಪುಸ್ತಕ ಬೇಕಾಗಲಿಲ್ಲ.

ಇನ್ನು ರೇಡಿಯೊ. ಅಲೋಶಿಯಸ್‌ನದ್ದು ರೇಡಿಯೊ ಸಾರಂಗ್, 107.8 ಎಫ್‌ಎಂ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲಿ ಅದು ಮಾತಾಡುತ್ತದೆ. ಇದು ಸಮುದಾಯ ರೇಡಿಯೊ. ಖಾಸಗಿ ಎಫ್‌ಎಂಗಳ ಹಾಗೆ ದೂರ ಕೇಳುವುದಿಲ್ಲ, ಸುಮಾರು 10ರಿಂದ 15 ಕಿಲೋಮೀಟರ್ ಅಷ್ಟೇ. ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯರು ಭಾಗವಹಿಸಿ ಆದದ್ದು ಇರಬೇಕು ಅಂತ 2006ರ ಸರ್ಕಾರಿ ನೀತಿಯೇ ಹೇಳುತ್ತದೆ. ಹಾಗಾಗಿ ಪತ್ರಿಕೋದ್ಯಮದ ಹುಡುಗ ಮೈಕ್ ಮುಂದೆ ಕೂತು ತಾನೇ ಮಾತಾಡಿದರೆ ಆಗುವುದಿಲ್ಲ. ಮೀನು ಮಾರುವ ಅಮ್ಮನನ್ನು, ರಿಕ್ಷಾ ಓಡಿಸುವ ಅಣ್ಣನನ್ನು ಮಾತಾಡಿಸಬೇಕು. ಅವರ ಭಾಷೆಯಲ್ಲಿ ಕೇಳಬೇಕು, ಅವರು ಹೇಳುವಾಗ ನಡುವೆ ಬಾಯಿ ಹಾಕಬಾರದು. ಮಾತಾಡುವುದಕ್ಕಿಂತ ಕೇಳುವುದು ಕಷ್ಟ ಅಂತ ಅಲ್ಲಿ ಬೇಗ ಗೊತ್ತಾಗುತ್ತದೆ.

ಹಬ್ಬಗಳ ವಿಷಯಕ್ಕೆ ಬಂದರೆ, ಕರಾವಳಿಯ ಕ್ರೈಸ್ತ ಕ್ಯಾಂಪಸ್ಸು ಕರಾವಳಿಯ ಹಾಗೆಯೇ ಇರುತ್ತದೆ. ಜೂನ್ 21ಕ್ಕೆ ಅಲೋಶಿಯಸ್, ಜುಲೈ 31ಕ್ಕೆ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್‌ನ ಹಬ್ಬ. ಅದೇ ಹೊತ್ತಿಗೆ ತುಳುವರ ಆಟಿ ತಿಂಗಳು ಬಂದು ಆಟಿದ ಕೂಟ ನಡೆಯುತ್ತದೆ, ಕೆಸುವಿನೆಲೆಯ ಪತ್ರೊಡೆಯ ಪಾತ್ರೆ ಸ್ಟಾಫ್ ರೂಮಿನವರೆಗೂ ಹೋಗುತ್ತದೆ. ಸೆಪ್ಟೆಂಬರ್ 8 ಮೊಂತಿ ಹಬ್ಬ, ಮರಿಯಮ್ಮನ ಹುಟ್ಟಿದ ದಿನ. ಅದಕ್ಕೆ ಒಂಬತ್ತು ದಿನ ಮುಂಚಿನಿಂದ ಮಕ್ಕಳು ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಹೊಸ ಅಕ್ಕಿಯ ಊಟ ಬಾಳೆಲೆಯ ಮೇಲೆ, ಅದೂ ಬರೀ ತರಕಾರಿ. ನಮ್ಮ ಹೊಸ ಅಕ್ಕಿ ಊಟಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಡಿಸೆಂಬರ್‌ನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಸ್ಪರ್ಧೆ. ಬೈಹುಲ್ಲು, ಬಿದಿರು ತರುವ ಕೆಲಸಕ್ಕೆ ಎಲ್ಲ ಧರ್ಮದವರೂ ಇರುತ್ತಾರೆ, ಕ್ರಿಸ್ಮಸ್ ತಿಂಡಿ ಕುಸ್ವಾರ್ ತಿನ್ನುವ ಕೆಲಸಕ್ಕೂ.

ಫೆಸ್ಟ್ ಬಗ್ಗೆ ಹಿರಿಯರಿಗೆ ಒಳ್ಳೆಯ ಅಭಿಪ್ರಾಯ ಇಲ್ಲ. ನನಗೆ ಇದೆ. ಸ್ಟೇಜಿನ ಡ್ಯಾನ್ಸಿಗಿಂತ ಅದರ ಹಿಂದಿನ ಓಡಾಟ ದೊಡ್ಡ ಪಾಠ. ಹದಿನೆಂಟರ ಹುಡುಗಿ ಹಂಪನಕಟ್ಟೆಯ ಅಂಗಡಿಗಳಿಗೆ ಹೋಗಿ ಸ್ಪಾನ್ಸರ್‌ಶಿಪ್ ಕೇಳಬೇಕು. ಹತ್ತು ಕಡೆ ಇಲ್ಲ ಅನ್ನುತ್ತಾರೆ. ಹನ್ನೊಂದನೇ ಅಂಗಡಿಯ ಮೆಟ್ಟಿಲು ಹತ್ತುವಾಗ ಅವಳ ಮಾತಿನ ಧಾಟಿಯೇ ಬದಲಾಗಿರುತ್ತದೆ. ಕೊನೆಗೆ ಬಂದ ದುಡ್ಡಿಗೆ ಬಿಲ್ ಸಮೇತ ಲೆಕ್ಕ ಒಪ್ಪಿಸಬೇಕು.

ಅಪಾಯ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಅಟೆಂಡೆನ್ಸ್. ಸಾಮಾನ್ಯವಾಗಿ 75 ಶೇಕಡಾ ಬೇಕು. ಒಂದು ವಿಷಯಕ್ಕೆ 60 ತರಗತಿ ಇದ್ದರೆ ತಪ್ಪಿಸಬಹುದಾದ್ದು 15 ಮಾತ್ರ. ನನ್ನ ಎರಡನೇ ವರ್ಷದಲ್ಲಿ ನಾಟಕದ ರಿಹರ್ಸಲ್ ಮೂರು ವಾರ ನಡೆಯಿತು. ಡ್ಯೂಟಿ ಲೀವ್ ಪತ್ರಕ್ಕೆ ಸಹಿ ಆಗಿತ್ತು, ಆದರೆ ಆ ಪತ್ರ ಆಫೀಸಿನಲ್ಲಿ ಎಲ್ಲೋ ಉಳಿದು ನಮ್ಮ ವಿಭಾಗಕ್ಕೆ ಬರಲೇ ಇಲ್ಲ. ಸೆಮಿಸ್ಟರ್ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಶಾರ್ಟೇಜ್ ಪಟ್ಟಿ, ಅದರಲ್ಲಿ ನನ್ನ ಹೆಸರು. ಅಮ್ಮ ಕೆಲಸಕ್ಕೆ ರಜೆ ಹಾಕಿ ಬಂದು ಆಫೀಸಿನ ಹೊರಗೆ ಎರಡು ಗಂಟೆ ನಿಂತರು. ಪರೀಕ್ಷೆಗೆ ಕೂರಲು ಬಿಟ್ಟರು, ಆದರೆ ಅಮ್ಮನ ಆ ಎರಡು ಗಂಟೆ ನನಗೆ ಇವತ್ತಿಗೂ ಚುಚ್ಚುತ್ತದೆ. ಆದ್ದರಿಂದ ಪತ್ರಕ್ಕೆ ಸಹಿ ಆದ ಕೂಡಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅವತ್ತೇ ಕ್ಲಾಸ್ ಟೀಚರ್ ಕೈಗೆ ಕೊಡಿ. ಲ್ಯಾಬ್ ಇರುವ ದಿನ ರಿಹರ್ಸಲ್‌ಗೆ ಹೋಗಬೇಡಿ, ತಪ್ಪಿದ ಪ್ರಯೋಗವನ್ನು ಯಾವ ಪತ್ರವೂ ತುಂಬಿಕೊಡುವುದಿಲ್ಲ.

ಎಷ್ಟು ಸಂಘ ಸೇರಬೇಕು ಅಂತ ಮಕ್ಕಳು ಕೇಳುತ್ತಾರೆ. ಮೊದಲ ವರ್ಷ ಎಲ್ಲ ಕಡೆ ಇಣುಕಿ ನೋಡಿ. ಎರಡನೇ ವರ್ಷಕ್ಕೆ ಒಂದನ್ನು ಹಿಡಿದುಕೊಳ್ಳಿ. ಐದು ಸರ್ಟಿಫಿಕೇಟ್ ಇರುವವರು ಸಂದರ್ಶನದಲ್ಲಿ ಐದು ಹೆಸರು ಹೇಳಿ ನಿಲ್ಲುವುದನ್ನು ನೋಡಿದ್ದೇನೆ. ಒಂದೇ ಕಡೆ ಎರಡು ವರ್ಷ ದುಡಿದವರಿಗೆ ಹೇಳಲು ತುಂಬ ಇರುತ್ತದೆ, ಎಲ್ಲಿ ಎಡವಿದೆ ಅನ್ನುವುದೂ ಸೇರಿ. ಎನ್‌ಸಿಸಿಯವರಿಗಂತೂ ಇದು ನಿಯಮವೇ. ಎರಡು ವರ್ಷ ಮುಗಿದ ಮೇಲೆ ಬಿ ಸರ್ಟಿಫಿಕೇಟ್ ಪರೀಕ್ಷೆ, ಮೂರನೇ ವರ್ಷಕ್ಕೆ ಸಿ.

ಇದನ್ನೆಲ್ಲ ಅಕ್ಕನಿಗೆ ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದೆ. ಅವರು ಪೂರ್ತಿ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಮಗಳು ಕಾಲೇಜು ಸೇರಿದಳು, ಹಾಸ್ಟೆಲ್ ಸೇರಿದಳು, ಎನ್ನೆಸ್ಸೆಸ್‌ಗೂ ಹೆಸರು ಕೊಟ್ಟಳು.

ನವೆಂಬರ್‌ನಲ್ಲಿ ಒಂದು ಸಂಜೆ ಅಕ್ಕ ಮತ್ತೆ ಗೇಟಿನ ಹತ್ತಿರ ಬಂದರು. "ಕ್ಯಾಂಪಿಗೆ ಒಂದು ಕತ್ತಿ ಬೇಕಂತೆ, ಪೊದೆ ಸವರ್ಲಿಕ್ಕೆ. ನಮ್ಮದರ ಹಿಡಿ ಸಡಿಲ. ನಿಮ್ಮಲ್ಲಿ ಉಂಟಾ?"

ನಮ್ಮದನ್ನು ಮಸೆದು, ಹಳೆ ಪೇಪರಿನಲ್ಲಿ ಸುತ್ತಿ, ಮೇಲಿಂದ ಗೋಣಿ ದಾರ ಬಿಗಿದು ಕೊಟ್ಟೆ. ಮರುದಿನ ಬೆಳಗ್ಗೆ ಏಳೂವರೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅದು ಮಂಗಳೂರಿಗೆ ಹೋಯಿತು.